ಬೆಂಕಿ ಮುಟ್ಟದ ನೂರ ನಲವತ್ತಮೂರು ದಿನ

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಒಂದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದಳು. ಸೇರಿದ್ದು ತರಕಾರಿ ಹೆಚ್ಚುವುದಕ್ಕೆ. ನಾನು ಅದೇ ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಕೆಲಸಕ್ಕೆ ಸೇರಿ ಅವಳ ಮನೆಯಲ್ಲೇ ಉಳಿದುಕೊಂಡ ಹೊತ್ತಿಗೆ ಅವಳು ಮುಖ್ಯ ಅಡುಗೆಯವಳಾಗಿದ್ದಳು. ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ದಿನಕ್ಕೆ ಮೂರು ಹೊತ್ತು. ಉಪ್ಪಿಲ್ಲದ್ದು, ಸಕ್ಕರೆಯಿಲ್ಲದ್ದು, ಹಲ್ಲಿಲ್ಲದವರಿಗೆ ಮೆತ್ತಗಿನದ್ದು, ಮೂಗಿನ ನಳಿಗೆಯಲ್ಲಿ ಇಳಿಸುವಷ್ಟು ತೆಳ್ಳಗಿನದ್ದು. ಒಂದೊಂದಕ್ಕೂ ಬೇರೆ ಬಣ್ಣದ ಚೀಟಿ, ಬೇರೆ ಪಾತ್ರೆ. ಯಾರಾದರೂ ಮೈಮರೆತು ಚೀಟಿ ಅದಲುಬದಲು ಮಾಡಿದರೆ ಅವಳು ಬೈಯುತ್ತಿರಲಿಲ್ಲ, ಕೈಯಲ್ಲಿದ್ದ ಸೌಟಿನಿಂದ ಹತ್ತಿರದ ಮುಚ್ಚಳಕ್ಕೆ ಒಂದೇ ಒಂದು ಏಟು ಹಾಕುತ್ತಿದ್ದಳು. ಹಾಗಾಗಿ ಲಿಫ್ಟ್ ನಡೆಸುವವನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅವಳು ಸೌಟಕ್ಕ.

ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಮೂರೂವರೆಗೆ ವಾಪಸ್. ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಂದು ಗಳಿಗೆ ಕುರ್ಚಿಯಲ್ಲಿ ಕೂತು, ಮತ್ತೆ ಮನೆಯ ಒಲೆ ಹಚ್ಚುತ್ತಿದ್ದಳು. ದೊಡ್ಡಪ್ಪ ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಜೀವಮಾನವಿಡೀ ಬೇರೆಯವರ ಜಮೀನು ಅಳೆದವರು, ಮನೆಯಲ್ಲಿ ನೀರು ಕುಡಿಯಬೇಕಾದರೂ ಲೋಟ ಎಲ್ಲಿದೆ ಅಂತ ಕೇಳುತ್ತಿದ್ದರು. ಒಳ್ಳೆಯ ಮನುಷ್ಯ. ಅಡುಗೆಮನೆ ಮಾತ್ರ ಅವರ ನಕ್ಷೆಯಲ್ಲಿ ಇರಲಿಲ್ಲ.

ದೊಡ್ಡಮ್ಮ ಮಾಂಸ ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಪಿತ್ತಕೋಶದ ಆಪರೇಷನ್ ಆಗಿ ತನ್ನದೇ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದ್ದಾಗ, ತಾನೇ ಕಲಿಸಿದ ಕೋಳಿ ಸೂಪು ತಟ್ಟೆಗೆ ಬಂತು. ವಾಸನೆಗೇ ಮುಖ ತಿರುಗಿಸಿದಳು. ಆಪರೇಷನ್ ಆದ ಮೇಲೆ ಹಾಗಾಗುವುದುಂಟು, ಸರಿಹೋಗುತ್ತೆ ಅಂದರು ಡಾಕ್ಟರು. ಹೋಗಲಿಲ್ಲ. ಒಂದು ತಿಂಗಳು ಕಾದು, "ನಾಲಿಗೆ ಬೇಡ ಅಂದ್ಮೇಲೆ ನಾನ್ಯಾಕೆ ಬಲವಂತ ಮಾಡ್ಲಿ" ಅಂತ ಬಿಟ್ಟೇಬಿಟ್ಟಳು. ರೋಗಿಗಳಿಗೆ ಬೇಯಿಸುವುದನ್ನು ಬಿಡಲಿಲ್ಲ. ಅದು ಅವರ ಹೊಟ್ಟೆ, ಇದು ನನ್ನದು ಅನ್ನುತ್ತಿದ್ದಳು.

ಹಾಲಿನ ವಿಷಯ ಬೇರೆ. ಆಸ್ಪತ್ರೆಗೆ ಹೊಸದಾಗಿ ಹಾಲು ಕೊಡುವವರ ಕೊಟ್ಟಿಗೆ ಚೊಕ್ಕವಾಗಿದೆಯೇ ನೋಡಿಬರಲು ಉಗ್ರಾಣದವರು ಅವಳನ್ನೂ ಕರೆದುಕೊಂಡು ಹೋದರು. ಎಲ್ಲ ಚೊಕ್ಕವಾಗಿಯೇ ಇತ್ತು. ಹೊರಡುವಾಗ ಗೋಡೆಯ ಆಚೆ ಕಟ್ಟಿದ್ದ ಎರಡು ದಿನದ ಕರು ಅವಳ ಬೆರಳುಗಳನ್ನು ಬಾಯಿಗೆ ತಗೊಂಡು ಚೀಪತೊಡಗಿತು. ಬಿಡಿಸಿಕೊಳ್ಳಲು ಎಷ್ಟೋ ಹೊತ್ತಾಯಿತಂತೆ. ಆ ಸಂಜೆ ಹಾಲಿಲ್ಲದ ಚಹಾ ಮಾಡಿಕೊಂಡು ಕುಡಿದಳು. ಮರುವಾರ ಮೊಟ್ಟೆ, ಬೆಣ್ಣೆ, ಜೇನುತುಪ್ಪ ಎಲ್ಲ ನಿಂತವು. ಇದಕ್ಕೆ ವೀಗನ್ ಅಂತಾರೆ ಅಂತ ಯಾರೋ ನರ್ಸ್ ಹೇಳಿದಾಗ, "ಹೆಸರೂ ಇದೆಯಾ?" ಅಂತ ಆಶ್ಚರ್ಯಪಟ್ಟಳು.

ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ ಅಂದಿದ್ದರು, "ಕೋಳಿ ಹೋಯ್ತು, ಮೊಟ್ಟೆ ಹೋಯ್ತು, ಹಾಲು ಹೋಯ್ತು. ಇನ್ನು ಬಿಡೋಕೆ ಉಳಿದಿರೋದು ನಾನೊಬ್ಬ."

"ನಿಮ್ಮನ್ನ ಅಷ್ಟು ಸುಲಭಕ್ಕೆ ಬಿಡಲ್ಲ," ಅಂದಳು ದೊಡ್ಡಮ್ಮ.

ಇದೆಲ್ಲ ನಾನು ಬರುವ ಮೊದಲಿನ ಕಥೆ. ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು, ಅವಳ ಕೋಣೆ ನನಗೆ ಸಿಕ್ಕಿತು. ಹಸಿ ಆಹಾರದ ಕಥೆಯನ್ನು ಮಾತ್ರ ನಾನು ಕಣ್ಣಾರೆ ಕಂಡೆ.

ಒಂದು ದಿನ ಮೂಳೆ ವಾರ್ಡಿನ ನರ್ಸ್ ಅಡುಗೆಮನೆಗೆ ಫೋನ್ ಮಾಡಿ, ಆರನೇ ಹಾಸಿಗೆಯವರು ಮೂರು ಹೊತ್ತಿನಿಂದ ತಟ್ಟೆ ವಾಪಸ್ ಕಳಿಸುತ್ತಿದ್ದಾರೆ ಅಂದಳು. ತನ್ನ ತಟ್ಟೆ ತುಂಬಿಕೊಂಡೇ ಹಿಂದಿರುಗುವುದನ್ನು ದೊಡ್ಡಮ್ಮ ಸಹಿಸುವವಳಲ್ಲ. ಏಪ್ರನ್ ಬಿಚ್ಚದೆ ಮೇಲೆ ಹೋದಳು. ರೋಗಿಗಳ ಹಳೆಯ ದಾಖಲೆಗಳನ್ನು ಕೊಡಲು ನಾನೂ ಆ ವಾರ್ಡಿನಲ್ಲೇ ಇದ್ದೆ. ಹಾಸಿಗೆಯಲ್ಲಿದ್ದವರು ಅರವತ್ತೈದು ದಾಟಿದ ಹೆಂಗಸು, ಶಾಲೆಗಳಲ್ಲಿ ಈಜು ಕಲಿಸುತ್ತಿದ್ದವರು. ತೊಡೆಯ ಮೂಳೆ ಮುರಿದಿತ್ತು, ಭುಜಗಳು ಮಾತ್ರ ಬಾಗಿಲಿನಷ್ಟು ಅಗಲ.

"ಏನು ತಪ್ಪಾಗಿದೆ ಅಡುಗೇಲಿ, ಹೇಳಿ," ಅಂದಳು ದೊಡ್ಡಮ್ಮ.

"ತಪ್ಪೇನಿಲ್ಲ. ನಾನು ಬೇಯಿಸಿದ್ದು ತಿನ್ನಲ್ಲ. ಹನ್ನೊಂದು ವರ್ಷ ಆಯ್ತು."

"ಬೇಯಿಸಿದ್ದು ಏನೂ ತಿನ್ನಲ್ವಾ?"

"ಬೆಂಕಿ ಮುಟ್ಟಿದ್ದು ಯಾವುದೂ ಇಲ್ಲ. ಒಂದು ಸೌತೆಕಾಯಿ, ಎರಡು ಟೊಮೆಟೊ ಕಳಿಸಿ ಸಾಕು. ನಿಮಗೆ ತೊಂದರೆ ಬೇಡ."

ಅಡುಗೆಮನೆಯಲ್ಲಿ ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಬರಿ ಸೌತೆಕಾಯಿ ಕಳಿಸುವುದು ಅವಳ ಕೈಗೆ ಅವಮಾನ. ಕ್ಯಾರೆಟ್ ತುರಿದು, ಹಿಂದಿನ ದಿನ ನೆನೆಸಿದ ಹೆಸರುಕಾಳು ಬೆರೆಸಿ, ಎಳ್ಳು ಅರೆದು ನಿಂಬೆರಸದಲ್ಲಿ ಕಲಸಿ ಮೇಲೆ ಸುರಿದಳು. ಆ ತಟ್ಟೆ ಖಾಲಿಯಾಗಿ ಬಂತು. ಮರುದಿನ ಎಲೆಕೋಸನ್ನು ಕೂದಲೆಳೆಯ ಹಾಗೆ ಹೆಚ್ಚಿ, ಉಪ್ಪು ಹಾಕಿ ಹಿಸುಕಿ ಮೆತ್ತಗೆ ಮಾಡಿ, ಸೇಬಿನ ಚೂರು ಸೇರಿಸಿದಳು. ಹೀಗೆ ಮೂರು ವಾರ ದಿನಕ್ಕೊಂದು ತಟ್ಟೆ. ಮಾಂಸ, ಹಾಲಿನದ್ದು ಬಿಟ್ಟು ಬೇರೇನನ್ನೂ ರುಚಿ ನೋಡದೆ ಕಳಿಸುವವಳಲ್ಲವಾದ್ದರಿಂದ ತಾನೂ ತಿನ್ನುತ್ತಾ ಹೋದಳು.

"ಇಷ್ಟು ವರ್ಷ ನಾನು ಕ್ಯಾರೆಟ್ ತಿಂದೇ ಇಲ್ಲ ಕಣೇ," ಅಂತ ಒಂದು ದಿನ ಬಸ್ಸಿನಲ್ಲಿ ನನಗೆ ಹೇಳಿದಳು. "ಕ್ಯಾರೆಟ್ ಹೆಸರಲ್ಲಿ ಉಪ್ಪು, ಎಣ್ಣೆ ತಿಂದಿದ್ದೀನಿ."

ಆ ಈಜು ಟೀಚರ್ ಊರುಗೋಲು ಹಿಡಿದು ಮನೆಗೆ ಹೋದ ಭಾನುವಾರವೇ ದೊಡ್ಡಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ತೀರ್ಮಾನ ತಿಳಿಸಿದಳು. ನೂರು ದಿನ ಹಸಿಯದ್ದೇ ತಿಂದು ನೋಡುತ್ತಾಳೆ. ತಾನು ತಿನ್ನದ ಮೇಲೆ ಮನೆಯಲ್ಲಿ ಒಲೆಯ ಮುಂದೆ ನಿಲ್ಲುವುದೂ ಇಲ್ಲ.

ದೊಡ್ಡಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹಾಗಾದ್ರೆ ನಾನೇನು ತಿನ್ಲಿ?"

"ನನ್ನ ಜೊತೆ ಹಸೀದು ತಿನ್ನಿ. ಇಲ್ಲ ಅಂದ್ರೆ ಒಲೆ ಅಲ್ಲೇ ಇದೆ."

"ಆಸ್ಪತ್ರೇಲಿ ಇನ್ನೂರು ಜನಕ್ಕೆ ಬೇಯಿಸ್ತೀಯ. ಮನೇಲಿ ಇಬ್ಬರಿಗೆ ಆಗಲ್ವಾ?"

"ಅಲ್ಲಿ ಮಲಗಿರೋರಿಗೆ ಎದ್ದು ಬೇಯಿಸ್ಕೊಳ್ಳೋಕೆ ಆಗಲ್ಲ," ಅಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ದೊಡ್ಡಪ್ಪ ಕನ್ನಡಕ ಒರೆಸುತ್ತಾ ತಲೆ ತಗ್ಗಿಸಿದರು. ನಾನೂ ತಲೆ ತಗ್ಗಿಸಿದೆ. ಆ ಮಾತಿನಲ್ಲಿ ನನ್ನ ಪಾಲೂ ಇತ್ತಲ್ಲ.

ಮನೆಯ ಕಿಟಕಿಯಲ್ಲಿ ಜಾಡಿಗಳು ಸಾಲುಗಟ್ಟಿದವು. ಒಂದರಲ್ಲಿ ನೆನೆಯುವ ಕಾಳು, ಇನ್ನೊಂದರಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮೊಳಕೆ, ಮತ್ತೊಂದರಲ್ಲಿ ಬಾದಾಮಿ. ಮೊದಲ ವಾರ ಅವಳಿಗೆ ದವಡೆ ನೋವು ಬಂದು ಮಾತು ಕಮ್ಮಿಯಾಯಿತು. ಒಂದು ತಟ್ಟೆ ಮುಗಿಸಲು ಮುಕ್ಕಾಲು ಗಂಟೆ ಅಗಿಯಬೇಕು. ಕರುಕರು ಸದ್ದಿಗೆ ದೊಡ್ಡಪ್ಪ ರೇಡಿಯೋದ ಸದ್ದು ಏರಿಸುತ್ತಿದ್ದರು, ಅವಳು ಇನ್ನಷ್ಟು ಜೋರಾಗಿ ಅಗಿಯುತ್ತಿದ್ದಳು.

ನಿಜವಾದ ಕಷ್ಟ ಬಂದದ್ದು ಕೆಲಸದಲ್ಲಿ. ಮಾಂಸ, ಹಾಲಿನದ್ದರ ರುಚಿಯನ್ನು ಆವರೆಗೆ ಜೊತೆಯ ಅಡುಗೆಯವರು ನೋಡುತ್ತಿದ್ದರು, ಈಗ ಬೇಯಿಸಿದ್ದು ಯಾವುದನ್ನೂ ತಿನ್ನುವುದಿಲ್ಲ ಅಂದ ಮೇಲೆ ರುಚಿ ನೋಡುವುದು ಹೇಗೆ? ನಾಲಿಗೆಯ ತುದಿಗೆ ಇಟ್ಟು ಉಗುಳಿದರೆ ಸಾಲದೇ ಅಂತ ಎಲ್ಲರೂ ಹೇಳಿದರು. ಅವಳಿಗೆ ಅದು ಮೋಸ ಅನ್ನಿಸಿತು. ಪಾತ್ರೆ ತೊಳೆಯುವ ಕಟ್ಟೆಯಲ್ಲಿ ಅವಳ ಹಳೆಯ ಗೆಳತಿಯೊಬ್ಬಳಿದ್ದಳು, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡದವಳು. ಅವಳನ್ನು ಕರೆದು ಇವತ್ತಿನಿಂದ ನೀನೇ ನನ್ನ ನಾಲಿಗೆ ಅಂದಳು. ಮೊದಲ ದಿನ ಬೇಳೆ ಹೇಗಿದೆ ಅಂದರೆ ಆಕೆ ಹೂಂ ಅಂದಳು, ಸೂಪು ಹೇಗಿದೆ ಅಂದರೂ ಹೂಂ ಅಂದಳು. ಎರಡೂ ಸಪ್ಪೆಯಾಗಿ ಮೂರು ವಾರ್ಡಿನಿಂದ ದೂರು ಬಂತು. ದೊಡ್ಡಮ್ಮ ಆಕೆಯನ್ನು ಉಗ್ರಾಣದ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಬಾಯಲ್ಲಿ ಏನಾಗುತ್ತೋ ಅದನ್ನ ನಿನಗೆ ತೋಚಿದ ಹಾಗೆ ಹೇಳು ಅಂದಳು. ಆಕೆ ಬಹಳ ಹೊತ್ತು ಯೋಚಿಸಿ ಹೇಳಿದಳು, "ಉಪ್ಪು ಇನ್ನೂ ಬಾಗಿಲ ಹತ್ರಾನೇ ನಿಂತಿದೆ ಅಕ್ಕ. ಒಳಗೆ ಬಂದಿಲ್ಲ."

ಅಷ್ಟು ಸಾಕಾಯಿತು. ಇಪ್ಪತ್ತು ದಿನದೊಳಗೆ ಅವರಿಬ್ಬರ ನಡುವೆ ಬೇರೆಯವರಿಗೆ ತಿಳಿಯದ ಒಂದು ಭಾಷೆಯೇ ಹುಟ್ಟಿತು. ಹುಳಿ ಗದ್ದಲ ಮಾಡ್ತಿದೆ, ಮೆಣಸು ಹಿಂದಿನಿಂದ ಬಂದು ತಟ್ತಿದೆ ಅಂತೆಲ್ಲ ಆಕೆ ಹೇಳುವಳು, ದೊಡ್ಡಮ್ಮ ತಲೆಯಾಡಿಸಿ ಚಮಚೆ ಎತ್ತುವಳು. ಕುದಿಯುವ ಸದ್ದು ಕೇಳಿ, ಆವಿಗೆ ಮೂಗು ಒಡ್ಡಿ ಹದ ಹೇಳುವುದನ್ನೂ ಅವಳು ಆಗಲೇ ರೂಢಿಸಿಕೊಂಡಳು. ಎರಡನೇ ತಿಂಗಳಲ್ಲಿ ಒಂದೇ ಒಂದು ದೂರೂ ಬರಲಿಲ್ಲ. ಮೂವತ್ತು ವರ್ಷ ಸೌಟು ಹಿಡಿದವಳು ಐವತ್ತಾರನೇ ವಯಸ್ಸಿಗೆ ಅಡುಗೆಯನ್ನು ಹೊಸದಾಗಿ ಕಲಿತದ್ದನ್ನು ನೋಡಿ ನನಗೆ ಬೆರಗಾಗಿತ್ತು.

ಇತ್ತ ದೊಡ್ಡಪ್ಪ ನಾಲ್ಕು ದಿನ ಬ್ರೆಡ್ಡಿನಲ್ಲಿ ಕಾಲ ಹಾಕಿದರು. ಐದನೇ ದಿನ ಹಳೆಯ ಸರ್ವೆ ಪುಸ್ತಕದ ಖಾಲಿ ಹಾಳೆ ತೆರೆದು, ಪೆನ್ಸಿಲ್ಲು ಕಿವಿಯಲ್ಲಿ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತರು. ಅಕ್ಕಿಗೆ ನೀರೆಷ್ಟು ಅಂತ ಪಾತ್ರೆಯೊಳಗೆ ಸ್ಕೇಲು ಇಳಿಸಿ ನೋಡಿ ಬರೆದುಕೊಂಡರು. ಆಲೂಗೆಡ್ಡೆಯನ್ನು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಲು ಹೋಗಿ ಅರ್ಧ ಗೆಡ್ಡೆ ಸಿಪ್ಪೆಯ ಜೊತೆ ಹೋಯಿತು. ಮೊದಲ ಪಾತ್ರೆ ತಳ ಹಿಡಿಯಿತು, ಎರಡನೆಯದು ಉಕ್ಕಿ ಒಲೆ ಆರಿಸಿತು. ಸುಟ್ಟದ್ದನ್ನು ನಾವಿಬ್ಬರೂ ಮರುಮಾತಿಲ್ಲದೆ ತಿಂದೆವು. ದೊಡ್ಡಮ್ಮ ಪಕ್ಕದಲ್ಲೇ ಕೂತು ಮೊಳಕೆ ಅಗಿಯುತ್ತಾ ಎಲ್ಲ ನೋಡುತ್ತಿದ್ದಳು. ಒಮ್ಮೆಯೂ ಎದ್ದು ಉರಿ ಸಣ್ಣ ಮಾಡಲಿಲ್ಲ. ಅವಳಿಗೆ ಕೈ ಎಷ್ಟು ಕಡಿಯುತ್ತಿತ್ತೋ.

ಒಲೆ ಬಿಟ್ಟದ್ದರಿಂದ ಅವಳ ಸಂಜೆ ಅವಳ ಕೈಗೆ ಸಿಕ್ಕಿತು. ಇಷ್ಟು ವರ್ಷ ಇಲ್ಲದ ಎರಡು ಗಂಟೆ. ಮೊದಮೊದಲು ಏನು ಮಾಡಬೇಕೆಂದು ತೋಚದೆ ಮುಂಬಾಗಿಲ ಮೆಟ್ಟಿಲಿನಲ್ಲಿ ಕೂತು ಬೀದಿ ನೋಡುತ್ತಿದ್ದಳು. ಆಮೇಲೆ ಟೀಚರ್ ಫೋನ್ ಮಾಡಿದರು. ಕಾಲು ಸರಿಹೋಗಲು ನೀರಿನಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಜೊತೆಗೆ ಬರ್ತೀರಾ ಅಂತ. ದೊಡ್ಡಮ್ಮ ಸುಮ್ಮನೆ ಜೊತೆಗೆಂದು ಹೋದಳು. ಒಂದು ವಾರದಲ್ಲಿ ಮೊಣಕಾಲುದ್ದದ ಈಜುಡುಪು ತಂದು, ಅದನ್ನು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಳು. ಮೂರನೇ ವಾರಕ್ಕೆ ಮುಖ ನೀರಿನಲ್ಲಿ ಮುಳುಗಿಸುವುದನ್ನು ಕಲಿತಳು. ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೊದಲ ಸಲ ಈಜಿದ ದಿನ ಮನೆಗೆ ಬಂದವಳೇ ಒದ್ದೆ ತಲೆಯಲ್ಲೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ತಳ ಮುಟ್ಟದೇ ಆ ತುದಿಗೆ ಹೋದೆ," ಅಂದಳು.

ನೂರು ದಿನ ತುಂಬಿದಾಗ ನಿಲ್ಲಿಸುತ್ತಾಳೆ ಅಂದುಕೊಂಡೆವು. ನಿಲ್ಲಿಸಲಿಲ್ಲ. ಮೈ ಹಗುರಾಗಿತ್ತು, ಮುಖ ಮಿನುಗುತ್ತಿತ್ತು, ಮೂರು ಅಂತಸ್ತು ಮೆಟ್ಟಿಲು ಏದುಸಿರಿಲ್ಲದೆ ಹತ್ತುತ್ತಿದ್ದಳು. ಆಸ್ಪತ್ರೆಯಲ್ಲಿ ಸುದ್ದಿ ಹಬ್ಬಿ, ಇಬ್ಬರು ನರ್ಸುಗಳೂ ಲಿಫ್ಟ್ ನಡೆಸುವವನೂ ಅವಳ ದಾರಿ ಹಿಡಿದರು. ಲಿಫ್ಟಿನೊಳಗೆ ಮೂಲಂಗಿಯ ವಾಸನೆ ಬರತೊಡಗಿತು.

ಆಮೇಲೆ ಅವಳ ಕೈ ಸದಾ ತಣ್ಣಗಿರುವುದನ್ನು ನಾನು ಗಮನಿಸಿದೆ. ಬಳೆ ಮುಂಗೈಯಿಂದ ಜಾರುತ್ತಿತ್ತು. ಉಗ್ರಾಣಕ್ಕೆ ಹೋದವಳು ಯಾಕೆ ಬಂದೆ ಅಂತ ಮರೆತು ನಿಲ್ಲುತ್ತಿದ್ದಳು. ಕೇಳಿದರೆ, ವಯಸ್ಸಾಗಲ್ವಾ ಅಂತ ನಗುತ್ತಿದ್ದಳು. ನೂರ ನಲವತ್ತಮೂರನೇ ದಿನ, ಈಜುಕೊಳದಿಂದ ಮೇಲೆ ಬರುವಾಗ ಕಬ್ಬಿಣದ ಮೆಟ್ಟಿಲು ಪಾದಕ್ಕೆ ತಾಗಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಪಾದ ಹತ್ತಿಯ ಹಾಗಾಗಿತ್ತಂತೆ. ಹಿಂದಕ್ಕೆ ಬಿದ್ದಳು. ನೀರಿನಲ್ಲಿದ್ದ ಟೀಚರ್ ಆ ಅಗಲ ಭುಜಗಳಲ್ಲಿ ಅವಳನ್ನು ಹಿಡಿದರು.

ದಡದಲ್ಲಿ ಟವೆಲ್ ಸುತ್ತಿ ಕೂರಿಸಿ ಅವರು ಕೇಳಿದರು, "ಮಾತ್ರೆ ತಗೋತಿದ್ದೀರಿ ತಾನೇ?"

"ಯಾವ ಮಾತ್ರೆ?"

"ವಿಟಮಿನ್ ಬಿ ಟ್ವೆಲ್ವ್, ಹಾಲು ಮೊಟ್ಟೆ ಬಿಟ್ಟವರಿಗೆ ಬೇಕಾಗೋದು. ನಾನು ವರ್ಷಗಳಿಂದ ತಗೋತೀನಿ. ಹೇಳ್ಲಿಲ್ವಾ ನಿಮಗೆ?"

ಹೇಳಿರಲಿಲ್ಲ. ಅವರಿಗೆ ಅದು ಹಲ್ಲುಜ್ಜಿದಷ್ಟು ಸಾಮಾನ್ಯ ಸಂಗತಿ, ಹೇಳಬೇಕೆಂದೇ ಹೊಳೆದಿರಲಿಲ್ಲ. ಆಮೇಲೆ ಬಹಳ ನೊಂದುಕೊಂಡರು.

ಮರುದಿನ ರಕ್ತ ಪರೀಕ್ಷೆಯಾಯಿತು. ರೋಗಿಗಳ ಪಥ್ಯದ ಚೀಟಿ ಬರೆಯುವ ಡಯಟೀಷಿಯನ್ ಮೇಡಂ ದೊಡ್ಡಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ವರದಿಯನ್ನು ಮೇಜಿನ ಮೇಲೆ ನಮ್ಮ ಕಡೆಗೆ ತಿರುಗಿಸಿಟ್ಟರು. ನಾನು ಪಕ್ಕದಲ್ಲಿ ಕೂತಿದ್ದೆ.

"ಸೌಟಕ್ಕ, ಇದು ಬರೀ ಹಸಿ ತಿಂದದ್ದರಿಂದ ಬಂದದ್ದಲ್ಲ. ಹಾಲು ಮೊಟ್ಟೆ ಬಿಟ್ಟು ನಾಲ್ಕು ವರ್ಷ ಆಯ್ತಲ್ಲ, ಅವತ್ತಿಂದ ಒಂದು ಮಾತ್ರೆ ಬೇಕಿತ್ತು. ಬಿಟ್ಟದ್ದು ತಪ್ಪಲ್ಲ. ಕೇಳದೇ ಇದ್ದದ್ದು ತಪ್ಪು. ಈಗ ರಕ್ತಾನೂ ಕಮ್ಮಿ, ತೂಕ ಒಂಬತ್ತು ಕಿಲೋ ಇಳಿದಿದೆ."

"ಇನ್ನೂರು ಜನದ ಚೀಟಿ ದಿನಾ ಓದ್ತೀನಿ," ಅಂದಳು ದೊಡ್ಡಮ್ಮ ಮೆಲ್ಲಗೆ. "ನನಗೊಂದು ಚೀಟಿ ಬರೆಸ್ಕೋಬೇಕು ಅಂತ ಹೊಳೀಲಿಲ್ಲ."

"ಇವತ್ತು ಬರೀತೀನಿ. ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಶುರು ಮಾಡಿಸೋಣ. ದಿನಕ್ಕೆ ಒಂದು ಹೊತ್ತಾದರೂ ಬೇಯಿಸಿದ ಬೇಳೆ, ಕಾಳು, ಅನ್ನ ತಿನ್ನಿ. ಮಾಂಸ ಹಾಲು ಬೇಡ ಅಂದ್ರೆ ಬೇಡ, ಅದಕ್ಕೆ ನಾನು ಬಲವಂತ ಮಾಡಲ್ಲ."

ಅವಳು ಹಟ ಹಿಡಿಯುತ್ತಾಳೆ ಅಂತ ನನಗೆ ಅಳುಕಿತ್ತು. ಹಿಡಿಯಲಿಲ್ಲ. ಆಗಲಿ ಅಂದಳು, ಎದ್ದಳು. ಆಮೇಲೆ ಅವಳು ಮಾಡಿದ ಕೆಲಸ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ ಹಾಗಿದೆ. ಸೀದಾ ಮನೆಗೆ ಹೋಗದೆ, ಕಾಲು ಜೋಮು ಹಿಡಿದಿದ್ದರೂ ಗೋಡೆ ಹಿಡಿದುಕೊಂಡು ಒಂದೊಂದು ಅಂತಸ್ತಿಗೂ ಹೋದಳು. ತನ್ನನ್ನು ನೋಡಿ ಹಸಿ ಆಹಾರ ಶುರು ಮಾಡಿದ್ದ ಇಬ್ಬರು ನರ್ಸುಗಳನ್ನು ಹುಡುಕಿ, ತನಗಾದದ್ದನ್ನು ಒಂದಕ್ಷರ ಬಚ್ಚಿಡದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂದಳು. ಕೊನೆಗೆ ಲಿಫ್ಟ್ ಹತ್ತಿದಳು.

ಲಿಫ್ಟಿನವನ ಮುಖ ಸಪ್ಪಗಾಯಿತು. "ನೀವು ಮಾಡಿದ್ರಲ್ಲ ಅಂತ ನಾನೂ ಮಾಡಿದೆ ಅಕ್ಕ. ಚೆನ್ನಾಗೂ ಇದ್ದೀನಿ."

"ನಾನೂ ಚೆನ್ನಾಗಿದ್ದೀನಿ ಅಂದ್ಕೊಂಡಿದ್ದೆ. ಪರೀಕ್ಷೆ ಮಾಡಿಸು. ಸರಿ ಇದ್ರೆ ಮುಂದುವರಿಸು, ನಾನು ಅಡ್ಡ ಬರಲ್ಲ."

"ನಾಲ್ಕು ಜನ ನಗ್ತಾರೆ ನಿಮ್ಮನ್ನ."

"ನಗ್ಲಿ. ನೀನು ನಾಳೆ ಬೆಳಿಗ್ಗೆ ಏನೂ ತಿನ್ನದೆ ಬಾ, ನಾನೇ ಲ್ಯಾಬಿಗೆ ಕರ್ಕೊಂಡು ಹೋಗ್ತೀನಿ."

ಕರೆದುಕೊಂಡು ಹೋದಳು ಕೂಡ. ಅವನದ್ದು ಸರಿಯಾಗಿಯೇ ಇತ್ತು. ನರ್ಸುಗಳಲ್ಲಿ ಒಬ್ಬಳಿಗೆ ರಕ್ತ ಕಮ್ಮಿ ಇದ್ದದ್ದು ಹಾಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ಒಬ್ಬಿಬ್ಬರು ಮುಸಿಮುಸಿ ನಕ್ಕದ್ದು ನಿಜ. ಪಾತ್ರೆ ತೊಳೆಯುವ ಗೆಳತಿ ಕೈಯಲ್ಲಿದ್ದ ತಟ್ಟೆಯನ್ನು ಕಟ್ಟೆಯ ಮೇಲೆ ದಡಾರನೆ ಇಟ್ಟು ಅವರ ಕಡೆ ತಿರುಗಿ ನೋಡಿದಳು. ನಗು ಅಲ್ಲಿಗೇ ನಿಂತಿತು.

ವರದಿ ಬಂದ ಆ ಸಂಜೆ ನಾವು ಮನೆ ಸೇರುವ ಮೊದಲೇ ನಾನು ದೊಡ್ಡಪ್ಪನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದೆ. ಬಾಗಿಲು ತೆಗೆದರೆ ಮನೆಯೆಲ್ಲ ಬೇಳೆ ಬೆಂದ ಪರಿಮಳ. ಅಷ್ಟರಲ್ಲಾಗಲೇ ಅವರ ಕೈ ಪಳಗಿತ್ತು. ಅಕ್ಕಿ, ಬೇಳೆ, ಕ್ಯಾರೆಟ್ಟು ಒಟ್ಟಿಗೆ ಹಾಕಿ, ಚಮಚೆ ನೆಟ್ಟರೆ ಮೆಲ್ಲಗೆ ವಾಲುವಷ್ಟು ಮೆತ್ತಗೆ ಬೇಯಿಸಿದ್ದರು. ದೊಡ್ಡಮ್ಮ ಅಭ್ಯಾಸಬಲದಿಂದ ನೇರ ಅಡುಗೆಮನೆಗೆ ಹೊರಟಳು.

"ನೀನು ಕೂತ್ಕೋ," ಅಂದರು ದೊಡ್ಡಪ್ಪ.

ಅವಳು ಕೂತಳು. ಅವರು ತಟ್ಟೆ ತಂದು ಅವಳ ಮುಂದಿಟ್ಟು, ಸೌಟು ಹಿಡಿದು ಪಕ್ಕದಲ್ಲಿ ನಿಂತರು. ಮದುವೆಯಾಗಿ ಮೂವತ್ನಾಲ್ಕು ವರ್ಷ, ಅದಕ್ಕೂ ಮುಂಚೆ ತವರಿನಲ್ಲಿ ಹಿರಿಮಗಳು. ಬೇರೆಯವರು ಬೇಯಿಸಿ, ಬಿಸಿಯಾಗಿ ಅವಳ ಮುಂದೆ ತಂದಿಟ್ಟ ತಟ್ಟೆ ಆಸ್ಪತ್ರೆಯಲ್ಲಿ ಮಲಗಿದ್ದ ಆ ಒಂದು ವಾರ ಬಿಟ್ಟರೆ ಅವಳ ನೆನಪಿನಲ್ಲಿ ಇರಲಿಲ್ಲ. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಳು. ಎರಡನೆಯದಕ್ಕೆ ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ತಿನ್ನುತ್ತಲೇ ಹೋದಳು.

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಹೇಗಿದೆ?"

"ಬರೆದಿಟ್ಟಿದ್ದೀರಾ ಇದನ್ನ?"

"ಹೂಂ. ಹದಿನೇಳನೇ ಪುಟ."

"ಒಂದಕ್ಷರ ಬದಲಾಯಿಸಬೇಡಿ," ಅಂದು ತಟ್ಟೆ ಮುಂದಕ್ಕೆ ಚಾಚಿದಳು.

ಪಾದಕ್ಕೆ ಸ್ಪರ್ಶ ಮರಳಲು ನಾಲ್ಕು ತಿಂಗಳು ಹಿಡಿಯಿತು. ಬೆಳಿಗ್ಗೆ ಮಧ್ಯಾಹ್ನ ಹಸಿಯದ್ದು, ಸಂಜೆ ಬೇಯಿಸಿದ್ದು ಅಂತ ಅವಳು ತನ್ನ ಊಟವನ್ನು ಹಂಚಿಕೊಂಡಳು. ಮಾಂಸ, ಹಾಲಿನ ಕಡೆ ತಿರುಗಲಿಲ್ಲ. ಮಾತ್ರೆ ತಪ್ಪಿಸಲಿಲ್ಲ. ಆಸ್ಪತ್ರೆಯ ಊಟದ ಪಟ್ಟಿಯಲ್ಲಿ ಹಸಿ ತರಕಾರಿಯ ತಟ್ಟೆಯೊಂದು ಸೇರಬೇಕೆಂದು ಡಯಟೀಷಿಯನ್ ಮೇಡಂ ಜೊತೆ ಆರು ತಿಂಗಳು ಜಗ್ಗಾಡಿ ಗೆದ್ದಳು. ಹಸಿಯದ್ದರಿಂದ ಸೋಂಕು ತಗಲಬಹುದು, ಕೀಮೋ ವಾರ್ಡಿಗೂ ಹೆರಿಗೆ ವಾರ್ಡಿಗೂ ಅದು ಹೋಗಕೂಡದು ಅಂತ ಮೇಡಂ ಹಾಕಿದ ನಿಯಮವನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸಿದವಳೂ ಅವಳೇ. ಆ ತಟ್ಟೆಗೆ ಹಸಿರು ಚೀಟಿ. ಅವಳು ನಿವೃತ್ತಳಾದ ಮೇಲೂ ಅದು ನಡೆಯುತ್ತಿದೆ.

ಮನೆಯ ಒಲೆಯ ಕಡೆ ಮಾತ್ರ ಅವಳು ಮರಳಿ ಹೋಗಲೇ ಇಲ್ಲ. ದೊಡ್ಡಪ್ಪ ಬಿಟ್ಟುಕೊಡಲಿಲ್ಲ. ಕಳೆದ ತಿಂಗಳು ನಾನು ನನ್ನ ಗಂಡನ ಜೊತೆ ಹೋದಾಗ ಅವಳು ಟೀಚರ್ ಜೊತೆ ಈಜುಕೊಳಕ್ಕೆ ಹೋಗಿದ್ದಳು. ಅಲ್ಲಿ ಈಗ ಮಧ್ಯವಯಸ್ಸಿನ ಏಳೆಂಟು ಹೆಂಗಸರಿಗೆ ಮುಖ ನೀರಿನಲ್ಲಿ ಮುಳುಗಿಸುವುದನ್ನು ಕಲಿಸುತ್ತಾಳಂತೆ. ಏನಾದರೂ ಸಹಾಯ ಮಾಡೋಣವೆಂದು ನಾನು ಅಡುಗೆಮನೆಗೆ ಕಾಲಿಟ್ಟೆ.

"ಹೊರಗೆ ಕೂತ್ಕೋಮ್ಮ," ಅಂದರು ದೊಡ್ಡಪ್ಪ, ಬೆನ್ನು ತಿರುಗಿಸಿಕೊಂಡೇ. "ಮಧ್ಯದಲ್ಲಿ ಮಾತಾಡಿಸಿದ್ರೆ ನನಗೆ ಅಳತೆ ತಪ್ಪುತ್ತೆ. ಇನ್ನೇನು ಅವಳು ಬರೋ ಹೊತ್ತು, ಹಸಿದಿರ್ತಾಳೆ."